ರೂಯಿಯ ತೂಕ

೭೮೬

ಉಮದಿ, ತಾ. ಜತ್ತ
ಸೋಮವಾರ, ೨೮ ಜುಲೈ ೨೦೨೫

ಮುದ್ದಿನ ಮಗಳು ಸಾಜಿಯಾಳಿಗೆ ಅಬ್ಬಾನ ಮನಸ್ಸು ತುಂಬಿದ ದುವಾಗಳು.

ಹೇಗಿದ್ದೀ ತಾಯಿ? ಬೂಟು ಕಚ್ಚಿ ಹಿಮ್ಮಡಿಗೆ ಎದ್ದಿದ್ದ ಗುಳ್ಳೆ ಒಣಗಿತೋ ಇಲ್ಲವೋ? ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚು ಎಂದಿದ್ದೆ, ಹಚ್ಚಿರಲಿಕ್ಕಿಲ್ಲ. ನೀನು ನನ್ನ ಮಾತು ಯಾವತ್ತು ಕೇಳಿದ್ದೀ! ಪೊಲೀಸ್ ಟ್ರೇನಿಂಗಿನ ಬೆಳಗಿನ ಓಟದಲ್ಲಿ ಈಗಲೂ ನೀನೇ ಮುಂದೆ ಎಂದು ತಿಳಿದಾಗಿನಿಂದ ನಿಮ್ಮಮ್ಮಿ ಓಣಿಯಲ್ಲಿ ಕತ್ತು ಎತ್ತಿಕೊಂಡೇ ನಡೆಯುತ್ತಾಳೆ. ಅಲ್ಲಿಯ ಊಟ ಸೇರುವುದಿಲ್ಲ, ಕನಸಿನಲ್ಲಿ ಜೋಳದ ರೊಟ್ಟಿ ಬರುತ್ತದೆ ಎಂದಿದ್ದೆಯಲ್ಲ, ಅದಕ್ಕೇ ಅಮ್ಮಿ ಕಟಕ ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾಳೆ. ಯಾರಾದರೂ ಆ ಕಡೆ ಬರುವವರು ಸಿಕ್ಕರೆ ಕಳಿಸುತ್ತೇವೆ. ನಾವಿಬ್ಬರೂ ಆರಾಮ. ಅಮ್ಮಿಯ ಮೊಣಕಾಲು ಮೋಡ ಕವಿದ ದಿನ ಮಾತ್ರ ಜಗಳ ತೆಗೆಯುತ್ತದೆ. ನಮ್ಮ ಸೀಮೆಯಲ್ಲಿ ಮೋಡ ಎಷ್ಟು ದಿನ ಕವಿಯುತ್ತದೆ ಎಂಬುದು ನಿನಗೆ ಗೊತ್ತೇ ಇದೆ, ಹಾಗಾಗಿ ಚಿಂತೆ ಮಾಡಬೇಡ.

ಅಕ್ಷರ ನೋಡಿ ನಗಬೇಡ. ಹತ್ತಿ ತುಂಬಿ ಹೊಲಿದ ಗಾದಿಯ ಚೀಲದ ಮೇಲೆ ಗಿರಾಕಿಯ ಹೆಸರು ಬರೆಯುತ್ತೇನಲ್ಲ, ಆ ದಪ್ಪ ಪೆನ್ನಿನಲ್ಲೇ ಅಂಗಳದ ಬಿಸಿಲಿಗೆ ಕುಳಿತು ಬರೆಯುತ್ತಿದ್ದೇನೆ. ಒಂದು ಪುಟಕ್ಕೆ ಹತ್ತು ಸಾಲು ಕೂಡ ಹಿಡಿಯುತ್ತಿಲ್ಲ. ನಿನ್ನ ಹಳೆಯ ನೋಟಬುಕ್ಕು ಅರ್ಧ ಖಾಲಿಯಾಯಿತು. ಪತ್ರ ಎಂದರೆ ಪುಸ್ತಕದ ಭಾಷೆಯಲ್ಲೇ ಇರಬೇಕು ಎಂದು ನಮಗೆ ಕನ್ನಡ ಸಾಲೆಯಲ್ಲಿ ಗುರುಲಿಂಗಪ್ಪ ಮಾಸ್ತರರು ಕಿವಿ ಹಿಂಡಿ ಕಲಿಸಿದ್ದರು. ಏಳನೆಯ ಇಯತ್ತೆಗೆ ಸಾಲೆ ಬಿಟ್ಟರೂ ಆ ಕಿವಿ ಹಿಂಡಿದ್ದು ಇನ್ನೂ ನೆನಪಿದೆ, ಹಾಗಾಗಿ ಆದಷ್ಟು ಶುದ್ಧವಾಗಿ ಬರೆಯುತ್ತೇನೆ. ಅಲ್ಲಿ ಕವಾಯತಿಗೂ ಮರಾಠಿ, ಬೈಗುಳಕ್ಕೂ ಮರಾಠಿ, ಕನ್ನಡ ಓದಿ ತಿಂಗಳುಗಳಾದವು ಎಂದು ನೀನು ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿತ್ತು. ಇನ್ನು ಫೋನಿನ ಕಥೆ ನಿನಗೇ ಗೊತ್ತು. ರವಿವಾರ ನಿಮಗೆ ಕೊಡುವುದು ಹತ್ತು ನಿಮಿಷ. ಅದರಲ್ಲಿ ಎಂಟು ನಿಮಿಷ ಅಮ್ಮಿಯದು, ಒಂದು ನಿಮಿಷ ಎದುರು ಮನೆಯ ಸಿದ್ದವ್ವಾಯಿಯದು, ಉಳಿದ ಒಂದು ನಿಮಿಷದಲ್ಲಿ ನಾನು ಬರೀ ಹೂಂ ಹೂಂ ಅನ್ನುತ್ತೇನೆ. ಆ ಒಂದು ನಿಮಿಷದಲ್ಲಿಯೂ ಎರಡು ಮೂರು ವಾರ ನಿನಗೆ ಸುಳ್ಳು ಹೇಳಿದ್ದೇನೆ ಸಾಜಿಯಾ. ನಿನ್ನ ಬೆಕ್ಕು ರೂಯಿ ಹೇಗಿದೆ ಎಂದು ನೀನು ಕೇಳಿದಾಗಲೆಲ್ಲ ತಿಂದು ತಿಂದು ದಪ್ಪಗಾಗಿದೆ ಅಂದೆ. ದಪ್ಪಗಾಗಿರಲಿಲ್ಲ. ಕೈಬಿಟ್ಟು ಹೋಗುವ ಹಾಗಿತ್ತು. ಗಾಬರಿಯಾಗಬೇಡ, ಈಗ ಆರಾಮ ಇದೆ. ಇದನ್ನು ಬರೆಯುವಾಗ ನನ್ನ ತೊಡೆಯ ಮೇಲೆಯೇ ಬಿದ್ದುಕೊಂಡು ಪೆನ್ನಿನ ತುದಿಗೆ ಕೈ ಹಾಕುತ್ತಿದೆ. ಮೇಲಿನ ಸಾಲಿನಲ್ಲಿ ಒಂದು ಗೀರು ಅಡ್ಡ ಹೋಗಿದೆಯಲ್ಲ, ಅದು ಅದರದ್ದೇ ಸಹಿ ಎಂದು ತಿಳಿ.

ರೂಯಿಯ ಕಥೆಗೆ ಮೊದಲು ಊರಿನ ಸುದ್ದಿ ಮುಗಿಸುತ್ತೇನೆ. ನಾಳೆ ಪಂಚಮಿ. ಸಿದ್ದವ್ವಾಯಿ ಮುಂಜಾನೆಯೇ ಶೇಂಗಾದ ಉಂಡಿ, ಎಳ್ಳಿನ ಉಂಡಿ ತಂದುಕೊಟ್ಟು, “ಹೆಣ್ಣಮಕ್ಕಳು ಪಂಚಮಿಗೆ ತವರಿಗಿ ಬರೂದು ಬಿಟ್ಟು ಬಂದೂಕ ಹೊತ್ತಾವ, ಇನ್ನ ಜೋಕಾಲಿ ಆಡಾವ್ರು ಯಾರ?” ಎಂದು ಬೈದು ಹೋದಳು. ಬೈಗುಳವೆಲ್ಲ ಪ್ರೀತಿಯದೇ. ನಿನ್ನ ಪಾಲಿನ ಉಂಡಿಗಳನ್ನು ಅಮ್ಮಿ ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ. ನನ್ನ ಕೈಗೆ ಸಿಗದ ಹಾಗೆ ಅದನ್ನು ಎಲ್ಲಿ ಇಟ್ಟಿದ್ದಾಳೋ ಅಲ್ಲಾಹನೇ ಬಲ್ಲ. ವಳಸಂಗದ ಒಂದು ಮದುವೆ ಮನೆಯಿಂದ ಹನ್ನೊಂದು ಗಾದಿ, ಒರಗಿ ಕೂರುವ ನಾಲ್ಕು ಲೋಡು ಹೇಳಿದ್ದಾರೆ, ಕೈತುಂಬ ಕೆಲಸ. ಹೋದ ತಿಂಗಳು ಒಂದು ದಿನ ಸೋನ್ಯಾಳಕ್ಕೆ ಹೋಗಿ ನಮ್ಮ ಹಳೆಯ ಗಿರಾಕಿ ಅಮೋಗಸಿದ್ದನನ್ನು ಮಾತಾಡಿಸಿಕೊಂಡು ಬಂದೆ. ನಿನ್ನನ್ನು ಕೇಳಿದ. ಮತ್ತೆ, ಸೆಪ್ಟೆಂಬರಿನಲ್ಲಿ ಟ್ರೇನಿಂಗ್ ಮುಗಿಸುವ ನಿಮ್ಮ ಪರೇಡಿಗೆ ನಾನು ಬರುವುದಾಗುವುದಿಲ್ಲ, ಅಂಗಡಿ ಬಿಟ್ಟು ಬರಲಾಗದು, ಅಮ್ಮಿ ಒಬ್ಬಳೇ ಬರುತ್ತಾಳೆ ಎಂದಾಗ ನೀನು ಏನೂ ಅನ್ನದೆ ಸುಮ್ಮನಾದೆ. ನೀನು ಜಗಳ ಮಾಡಿದ್ದರೆ ಚೆನ್ನಾಗಿತ್ತು. ಸುಮ್ಮನಾದದ್ದು ನನಗೆ ಭಾಳ ತ್ರಾಸ ಕೊಟ್ಟಿದೆ. ಕಣ್ಣು ತೋರಿಸಿಕೊಂಡೆಯಾ ಎಂದು ಕೇಳಿ ಸಾಕಾಗಿ ಅದನ್ನೂ ಈಗ ಬಿಟ್ಟಿದ್ದೀ. ಇರಲಿ, ಅದು ಆಮೇಲೆ.

ಈಗ ರೂಯಿ. ಹೋದ ವರ್ಷ ಮಳೆಗಾಲದಲ್ಲಿ ಹಿಂಜಿದ ಹತ್ತಿಯ ರಾಶಿಯೊಳಗಿಂದ ಬೆಳ್ಳಗಿನ ಮರಿಯೊಂದು ಸೀನುತ್ತ ಹೊರಗೆ ಬಂದಾಗ ನೀನು ಅದಕ್ಕೆ ಹತ್ತಿಯ ಹೆಸರನ್ನೇ, ರೂಯಿ ಎಂದು ಇಟ್ಟೆ. ಎರಡು ತಿಂಗಳು ಕಳೆದರೂ ಹತ್ತಿ ಯಾವುದು, ಬೆಕ್ಕು ಯಾವುದು ಎಂದು ನಾನು ತಡವರಿಸಿ ನೋಡಿಯೇ ಚೀಲ ತುಂಬಬೇಕಾಗಿತ್ತು. ಟ್ರೇನಿಂಗಿಗೆ ಹೊರಡುವ ದಿನ ಬ್ಯಾಗನ್ನೆಲ್ಲ ಕಟ್ಟಿ ಆದ ಮೇಲೆ ನೀನು ಅದನ್ನು ಹತ್ತಿಯ ತಕ್ಕಡಿಯಲ್ಲಿ ಕೂರಿಸಿದ್ದು ನೆನಪಿದೆಯಾ? ಮೂರೂಕಾಲು ಕಿಲೋ. “ಅಬ್ಬಾ, ನಾ ತಿರಗಿ ಬಂದಾಗ ಒಂದು ಗುಂಜಿ ಕಡಿಮಿ ಆಗಬಾರದು, ಆದ್ರ ಕೇಸ ಹಾಕತೀನಿ” ಎಂದು ಪೊಲೀಸ್ ಆಗುವುದಕ್ಕೆ ಮೊದಲೇ ನನ್ನನ್ನು ಹೆದರಿಸಿ ಹೋದೆ. ನಾನೂ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ನಿನಗೆ ಅದು ಆಟವಾಗಿರಬಹುದು. ನೀನು ಹೋದ ಮೇಲೆ ಈ ಮನೆಯಲ್ಲಿ ನಿನ್ನದು ಎಂದು ಉಸಿರಾಡುವುದು ಅದೊಂದೇ, ಹಾಗಾಗಿ ನನಗೆ ಆಟವಾಗಿರಲಿಲ್ಲ.

ಜೂನ್ ಮುಗಿಯುವ ಹೊತ್ತಿಗೆ ಮೊದಲು ಗೊತ್ತಾದದ್ದು ನನ್ನ ಕೈಗೆ. ಮನೆಯಲ್ಲಿ ಬೇರೆ ಯಾರಿಗೂ ಏನೂ ಕಾಣಿಸಿರಲಿಲ್ಲ. ಅದರ ಕೂದಲು ಅಷ್ಟು ದಟ್ಟ ನೋಡು, ನೋಡಿದವರು ಏನು ಗುಂಡಗಿದೆ ಬೆಕ್ಕು ಅನ್ನುವರು. ನಾನು ಬೆನ್ನ ಮೇಲೆ ಕೈಯಾಡಿಸಿದರೆ ಒಳಗೆ ಎಲುಬಿನ ಗಂಟುಗಳು ಒಂದೊಂದಾಗಿ ಸಿಕ್ಕವು. ಹತ್ತಿ ಕುಗ್ಗಿದ ಹಳೆಯ ಗಾದಿಯ ಮೇಲೆ ಕೈಯಿಟ್ಟರೆ ಕೆಳಗಿನ ಹಲಗೆ ಹೇಗೆ ಹತ್ತುತ್ತದೆಯೋ ಹಾಗೆ. ಅಮ್ಮಿಗೆ ಹೇಳಿದರೆ “ನಿಮ್ಮ ಕೈಗಿ ಎಲ್ಲಾ ಗಾದೀನ ಅನಸತೈತಿ, ಸುಮ್ಮನ ಕುಂದ್ರಿ” ಎಂದು ತಳ್ಳಿಹಾಕಿದಳು. ತಕ್ಕಡಿಗೆ ಹಾಕಿದೆ. ಎರಡೂಮುಕ್ಕಾಲು ಕಿಲೋದ ಕಲ್ಲಿಗೆ ಬೆಕ್ಕು ಕೂತ ತಟ್ಟೆ, ಅದರ ಪರಡಿ, ಮೇಲೆ ಎದ್ದಿತು. ಅಮ್ಮಿಯ ಬಾಯಿ ಮುಚ್ಚಿತು. ನಿಮ್ಮಮ್ಮಿಯ ಬಾಯಿ ಮುಚ್ಚಿಸಿದ್ದು ನನ್ನ ಸಂಸಾರದಲ್ಲಿ ಇದೇ ಮೊದಲು, ಆದರೆ ಖುಷಿಪಡುವ ಹೊತ್ತಾಗಿರಲಿಲ್ಲ.

ಆಮೇಲೆ ಶುರುವಾಯಿತು ನೋಡು ರೂಯಿಯ ಮೇಜವಾನಿ. ಸಿದ್ದವ್ವಾಯಿಯ ಎಮ್ಮೆಯ ಹಾಲು ಕೆನೆಯ ಸಮೇತ ಬಂತು. ಬೇಯಿಸಿದ ತತ್ತಿ ಬಂತು. ನನಗೆ ವಾರಕ್ಕೊಮ್ಮೆ ಕೂಡ ಸಿಗದ ಖಿಮಾ ಅದಕ್ಕೆ ದಿನಾ ಸಿಕ್ಕಿತು. ಅದು ತಟ್ಟೆಯ ಹತ್ತಿರ ಓಡಿ ಬರುವುದು, ಮೂಸುವುದು, ಎರಡು ಸಲ ನೆಕ್ಕುವುದು, ಕತ್ತು ವಾರೆ ಮಾಡಿ ಗುಟುಕು ನುಂಗುವ ಹಾಗೆ ಮಾಡುವುದು, ಮತ್ತೆ ಹಿಂದೆ ಸರಿದು ಕುಳಿತುಬಿಡುವುದು. ಹಸಿವು ಇತ್ತು, ಊಟ ಇಳಿಯುತ್ತಿರಲಿಲ್ಲ. ಈಗ ಬರೆಯುವಾಗ ಎಷ್ಟು ಸ್ವಚ್ಛ ತಿಳಿಯುತ್ತದೆ! ಆಗ ನಮಗೆ ತಿಳಿಯಲಿಲ್ಲ. ಅಮ್ಮಿ ಇದು ದೃಷ್ಟಿ ಎಂದಳು. ವಳಸಂಗದ ಮದುವೆ ಮನೆಯವರು ಗಾದಿ ಹೇಳಲು ಬಂದಾಗ ಏನು ಚಂದ ಬೆಕ್ಕು ಎಂದು ನಾಲ್ಕು ಸಲ ಅಂದರಂತೆ. ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದಳು. ಆ ಘಾಟಿಗೆ ನಾನೂ ರೂಯಿಯೂ ಅಂಗಳಕ್ಕೆ ಓಡಿ ಜೊತೆಯಾಗಿ ಸೀನಿದೆವು. ಸಿದ್ದವ್ವಾಯಿ ಬಾಗಿಲಲ್ಲಿ ನಿಂತು ಬೇರೆಯೇ ಹೇಳಿದಳು: “ಗೌಸಣ್ಣಾ, ಇದಕ ಏನೂ ಆಗಿಲ್ಲೋ. ಹುಡಿಗಿ ನೆನಪಿಗಿ ಸೊರಗೈತಿ. ಸಾಜಿಯಾನ ದುಪಟ್ಟಾ ಹಾಸಿ ಮಲಗಸು.”

ಆ ಮಾತು ನನಗೆ ಸರಿ ಎನಿಸಿತು. ಮುಚ್ಚುಮರೆ ಏಕೆ, ಭಾಳ ಹಿತ ಎನಿಸಿತು. ನೀನು ಹೋದ ಮೇಲೆ ನನಗೂ ತುತ್ತು ಇಳಿಯುತ್ತಿರಲಿಲ್ಲ. ಗಂಡಸು ಅದನ್ನು ಯಾರ ಮುಂದೆ ಹೇಳಬೇಕು? ಈ ಮನೆಯಲ್ಲಿ ನನ್ನ ಹಾಗೆ ಇನ್ನೊಂದು ಜೀವ ಇದೆಯಲ್ಲ ಎಂದು ಸಮಾಧಾನವಾಯಿತು. ನಿನ್ನ ಹಸಿರು ದುಪಟ್ಟಾ ತೆಗೆದು ಹಾಸಿದೆ, ಪಕ್ಕದಲ್ಲಿ ಕುಳಿತು ನಿನ್ನ ಸುದ್ದಿ ಹೇಳಿದೆ. ಹೀಗೆ ಅದರ ದುಃಖವನ್ನು ಮುದ್ದು ಮಾಡುತ್ತ ಇನ್ನೂ ಎಂಟು ದಿನ ಕಳೆದೆ ಸಾಜಿಯಾ. ಆ ಎಂಟು ದಿನಕ್ಕೆ ನನ್ನನ್ನು ನಾನು ಬೈದುಕೊಂಡದ್ದನ್ನು ಪುಸ್ತಕದ ಭಾಷೆಯಲ್ಲಿ ಬರೆಯಲು ಬರುವುದಿಲ್ಲ. ಅದು ನಿನ್ನನ್ನು ನೆನೆದು ಅಳುತ್ತಿರಲಿಲ್ಲ, ಅದಕ್ಕೆ ಬಾಯಿ ನೋಯುತ್ತಿತ್ತು.

ಜುಲೈ ಹದಿನಾರರ ಸಂಜೆ, ಬುಧವಾರ. ಹೊಲಿದು ಮುಗಿಸಿದ ಗಾದಿಗಳನ್ನು ಒಂದರ ಮೇಲೊಂದು ಪೇರಿಸಿದ್ದೆ. ಎಷ್ಟೇ ಎತ್ತರ ಪೇರಿಸಿದರೂ ಎಲ್ಲಕ್ಕಿಂತ ಮೇಲಿನದರ ಮೇಲೆಯೇ ಅದರ ಜಾಗ ಎಂಬುದು ನಿನಗೆ ಗೊತ್ತು. ಅವತ್ತು ಬರೀ ನಾಲ್ಕು ಗಾದಿ ಇದ್ದವು. ಜಿಗಿಯಿತು, ಉಗುರು ಹತ್ತಲಿಲ್ಲ, ಜಾರಿ ಧಪ್ಪನೆ ನನ್ನ ಕಾಲ ಬಳಿ ಬಿತ್ತು. ಮತ್ತೆ ಜಿಗಿಯಲೇ ಇಲ್ಲ. ಬಿದ್ದಲ್ಲೇ ಮುಖ ಗೋಡೆಗೆ ಮಾಡಿ ಕುಳಿತುಕೊಂಡಿತು. ಎತ್ತಿ ತಕ್ಕಡಿಗೆ ಹಾಕಿದೆ. ಎರಡು ಕಿಲೋದ ಕಲ್ಲು, ಅದರ ಮೇಲೆ ಒಂದು ಪಾವು ಕಿಲೋದ ಕಲ್ಲು ಇಟ್ಟೆ. ಕಲ್ಲಿನ ಪರಡಿಯೇ ಕೆಳಗೆ ಹೋಯಿತು. ಪಾವು ಕಿಲೋದ ಕಲ್ಲು ತೆಗೆದೆ. ಆಗ ಕಡ್ಡಿ ಸಮನಾಗಿ ನಿಂತಿತು. ನಲವತ್ತು ವರ್ಷ ಹತ್ತಿ ತೂಗಿದ್ದೇನೆ ಮಗಳೇ, ಅವತ್ತು ಮೊದಲ ಸಲ ನನ್ನ ತಕ್ಕಡಿಯನ್ನೇ ನಂಬದೆ ಕಲ್ಲು ಇಳಿಸಿ ಮತ್ತೊಮ್ಮೆ ತೂಗಿದೆ. ಮೂರೂಕಾಲು ಕಿಲೋ ಕೊಟ್ಟು ಹೋದವಳಿಗೆ ಬರೀ ತೊಗಲನ್ನು ತಿರುಗಿ ಕೊಡಬೇಕೇನೋ ಎನಿಸಿತು.

ಮರುದಿನ ಮುಂಜಾನೆ ಒಂದು ತಲೆದಿಂಬಿನ ಖೋಳಿನಲ್ಲಿ ಅದನ್ನು ಇಳಿಬಿಟ್ಟು, ಮುಖ ಮಾತ್ರ ಹೊರಗೆ ಬಿಟ್ಟು ದನದ ದವಾಖಾನೆಗೆ ಹೋದೆ. ಅಲ್ಲಿ ಎಮ್ಮೆ ಹಿಡಿದವರು, ಎತ್ತು ಹಿಡಿದವರು, ಕುರಿ ಹೊತ್ತವರು ಸಾಲಾಗಿ ನಿಂತಿದ್ದರು. ನನ್ನ ದಿಂಬು ಮ್ಯಾಂವ್ ಎಂದಾಗ ಎಲ್ಲರಿಗೂ ನಗೆ. “ಗೌಸಭಾಯಿ, ಬೆಕ್ಕಿನ ಗಾದಿ ಹೊಲದೀರೇನ?” ಎಂದೊಬ್ಬ ಕೇಳಿದ. ಇನ್ನೊಬ್ಬ, ಇಲಿ ಹಿಡಿಯುವ ಜನಾವರಕ್ಕೆ ಸರಕಾರಿ ಡಾಕ್ಟರು ಯಾಕ ಎಂದ. ನಾನು ಪೊಲೀಸರ ಬೆಕ್ಕು, ಸುಮ್ಮನಿರ್ರಿ ಎಂದೆ. ನಗುತ್ತಲೇ ಪಾಳಿ ಬಿಟ್ಟು ಮುಂದೆ ಕಳಿಸಿದರು. ನಮ್ಮ ಜನ ಚಾಷ್ಟಿ ಮಾಡಿದರೂ ದಾರಿ ಬಿಡುತ್ತಾರೆ.

ಡಾಕ್ಟರು ಹೊಸಬರು, ಅನುರಾಧಾ ಎಂದು ಹೆಸರು, ಸಾತಾರಾ ಕಡೆಯವರು. ನಿನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಅರ್ಧ ಮರಾಠಿ, ಅರ್ಧ ಇಲ್ಲಿ ಬಂದು ಕಲಿತ ಕನ್ನಡ. ಉಳಿದವರೆಲ್ಲ ಬೆಕ್ಕಿನ ಹೊಟ್ಟೆ ನೋಡಿದರೆ ಆಕೆ ಮೊದಲು ಬಾಯಿ ನೋಡಿದರು. ಯಾವಾಗಿನಿಂದ ತಿನ್ನುವುದಿಲ್ಲ, ವಾಂತಿ ಆಗಿತ್ತಾ, ಜೊಲ್ಲು ಸುರಿಯುತ್ತದಾ, ಕಾಲಿನಿಂದ ಬಾಯಿ ಕೆರೆದುಕೊಳ್ಳುತ್ತದಾ ಎಂದು ಕೇಳಿದರು. ಹೌದು ಹೌದು ಎನ್ನುವಾಗಲೇ ನನಗೆ ನಾಚಿಕೆಯಾಗಲು ಶುರುವಾಯಿತು, ಎಲ್ಲವೂ ಆಗಿತ್ತಲ್ಲ. ದವಾಖಾನೆಯ ಸಿಪಾಯಿ ಖೋಳಿನ ಮೇಲಿಂದಲೇ ರೂಯಿಯನ್ನು ಬಿಗಿಯಾಗಿ ಹಿಡಿದ. ಡಾಕ್ಟರು ಗದ್ದದ ಕೆಳಗಿನಿಂದ ಹೆಬ್ಬೆರಳು ಒತ್ತಿ ನಾಲಿಗೆ ಮೇಲೆತ್ತಿ, ಬ್ಯಾಟರಿ ಬಿಟ್ಟು ನೋಡಿ, “ಕಾಕಾ, ಹಾ ದೋರಾ ಕುಠೂನ ಆಲಾ?” ಎಂದರು. ಈ ದಾರ ಎಲ್ಲಿಂದ ಬಂತು ಎಂದು! ನಾಲಿಗೆಯ ಬುಡಕ್ಕೆ ದಾರ ಉರುಳು ಹಾಕಿಕೊಂಡು, ಕೆಳಗಿನ ಮೆತ್ತಗಿನ ಮಾಂಸ ಕೊಯ್ದು ಒಳಗೆ ಇಳಿದಿತ್ತು. ಅದರ ಬಾಲ ಗಂಟಲಿನಲ್ಲಿ ಹೋಗಿತ್ತು. ತಿನ್ನಲು ಹೋದರೆ ಸಾಕು, ಜಗ್ಗುತ್ತಿತ್ತು. ನಾನು ಎಳೆದು ತೆಗೆಯಿರಿ ಎಂದೆ. ಆಕೆ ಗದರಿಸಿದರು. ಎಳೆದರೆ ಕರುಳು ಕೊಯ್ಯುತ್ತದಂತೆ, ಎಷ್ಟೋ ಬೆಕ್ಕುಗಳು ಹಾಗೆಯೇ ಸಾಯುತ್ತವಂತೆ. ಸಣ್ಣ ಕತ್ತರಿಯಿಂದ ನಾಲಿಗೆಯ ಕೆಳಗಿನ ಉರುಳನ್ನಷ್ಟೇ ಕತ್ತರಿಸಿ, ಒಂದು ತುಂಡನ್ನು ನನ್ನ ಅಂಗೈಯಲ್ಲಿ ಇಟ್ಟರು.

ಅದನ್ನು ನಾನು ಎರಡು ಬೆರಳಲ್ಲಿ ಹೊಸಕಿ ನೋಡಿದೆ. ನಾಲ್ಕು ಎಳೆ, ಎಡಕ್ಕೆ ತಿರುಗಿದ ಹುರಿ. ಈ ಊರಲ್ಲಿ ಎಡಗೈಯಿಂದ ದಾರ ಹೊಸೆಯುವವನು ನಾನೊಬ್ಬನೇ. ಜಿಡ್ಡು ಇನ್ನೂ ಇತ್ತು. ಎಲ್ಲವೂ ಒಮ್ಮೆಗೆ ತಿಳಿಯಿತು. ಗಾದಿಯ ದಾರ ಹತ್ತಿಯಲ್ಲಿ ಸರಾಗವಾಗಿ ಹೋಗಲೆಂದು ನಾವು ಮೇಣ ತಿಕ್ಕುತ್ತೇವಲ್ಲ, ಜೂನಿನಲ್ಲಿ ನನ್ನ ಮೇಣದ ಉಂಡೆ ತೀರಿತ್ತು. ಹೊಸದನ್ನು ತರುವುದಾಗಲಿಲ್ಲ. ಬಕ್ರೀದಿನ ಕುರಿಯ ಚರಬಿಯನ್ನು ಅಮ್ಮಿ ಕಾಯಿಸಿ ಡಬ್ಬಿಯಲ್ಲಿ ಇಟ್ಟಿದ್ದಳು, ಅದನ್ನೇ ತಿಕ್ಕಿ ಹೊಲಿದೆ. ದಾರವೇನೋ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು, ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಕುರಿಯ ಚರಬಿ ಹಚ್ಚಿದ ತುಂಡು ದಾರ ನೆಲಕ್ಕೆ ಬಿದ್ದರೆ ಬೆಕ್ಕಿಗೆ ಅದು ದಾರವಾ, ಔತಣವಾ? ನಾನೇ ಮಾಡಿ ಬಡಿಸಿದ್ದು ಸಾಜಿಯಾ, ಯಾರ ದೃಷ್ಟಿಯೂ ಅಲ್ಲ, ನೆನಪೂ ಅಲ್ಲ. ಡಾಕ್ಟರ ಮುಂದೆಯೇ ಕಣ್ಣಲ್ಲಿ ನೀರು ಬಂತು. ಆಕೆ ಇನ್ನೊಂದು ಮಾತನ್ನೂ ಹೇಳಿದರು, ಅದನ್ನು ಕೊನೆಗೆ ಬರೆಯುತ್ತೇನೆ, ಧೈರ್ಯ ಉಳಿದರೆ.

ಒಳಗೆ ಹೋದ ಬಾಲ ಗಿಡ್ಡದಿದ್ದರೆ ಮೂರು ನಾಲ್ಕು ದಿನದಲ್ಲಿ ತಾನಾಗಿ ಕೆಳಗೆ ಹೋಗುತ್ತದೆ, ವಾಂತಿ ಶುರುವಾದರೆ ಅಥವಾ ಹೊಟ್ಟೆ ಬಿಗಿದರೆ ತಡಮಾಡದೆ ಮಿರಜಿಗೆ ಒಯ್ದು ಹೊಟ್ಟೆ ಕೊಯ್ಯಿಸಬೇಕು ಎಂದರು. ಇಂಜೆಕ್ಷನ್ ಕೊಟ್ಟು, ತೆಳ್ಳಗಿನ ಗಂಜಿ, ಸಾರು ಕುಡಿಸಲು ಹೇಳಿ ಕಳಿಸಿದರು. ಆ ದಿನಗಳಲ್ಲಿ ನಿಮ್ಮಮ್ಮಿ ಮಾಡಿದ ಕೆಲಸ ಕೇಳು. ರೂಯಿ ಬಹಿರ್ದೆಸೆಗೆ ಕೂರುವ ಬೂದಿಯ ಡಬ್ಬಿಯ ಮುಂದೆ ಒಂದು ಮಣೆ ಹಾಕಿಕೊಂಡು ಕುಳಿತೇ ಇದ್ದಳು. ಮೊಣಕಾಲು ನೋವಿನವಳು, ಬೆಕ್ಕೆಂದರೆ ಮೂಗು ಮುರಿಯುವವಳು! ರೂಯಿ ಡಬ್ಬಿಯಿಂದ ಇಳಿದ ಕೂಡಲೇ ಒಂದು ಕಡ್ಡಿ ತೆಗೆದುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸುತ್ತಿದ್ದಳು. ನಾನು ಹಿಂದೆ ನಿಂತು “ಬಂತಾ?” ಎಂದರೆ “ಬಂದ್ರ ನಿಮ್ಮ ಕೈಗೇ ಕೊಡತೀನಿ, ತಡೀರಿ” ಅನ್ನುತ್ತಿದ್ದಳು. ಶುಕ್ರವಾರ ಬರಲಿಲ್ಲ. ಶನಿವಾರವೂ ಬರಲಿಲ್ಲ. ಶನಿವಾರ ನಾನು ಮಿರಜಿಗೆ ಹೋಗಲು ಅಂಗಿ ಮಡಚಿಟ್ಟುಕೊಂಡೆ. ರವಿವಾರ ಮಧ್ಯಾಹ್ನ ನೀನು ಫೋನು ಮಾಡುವುದಕ್ಕೆ ಒಂದು ತಾಸು ಮೊದಲು ಅಮ್ಮಿ ಅಂಗಳದಿಂದ ಕೂಗಿದ ಕೂಗಿಗೆ ಸಿದ್ದವ್ವಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಗೇಣುದ್ದ ದಾರ ಬಂದಿತ್ತು. ಇಬ್ಬರೂ ಮಣೆಯ ಸುತ್ತ ನಿಂತು ಕೂಸು ಹುಟ್ಟಿದ ಹಾಗೆ ಸಂಭ್ರಮಪಟ್ಟರು. ಅವತ್ತು ಫೋನಿನಲ್ಲಿ ಅಮ್ಮಿ ಸುಮ್ಮಸುಮ್ಮನೆ ನಗುತ್ತಿದ್ದದ್ದು ಯಾಕೆ ಎಂದು ನೀನು ಕೇಳಿದೆಯಲ್ಲ, ಇದಕ್ಕೇ.

ಸಂಜೆ ರೂಯಿ ಒಂದು ಬಟ್ಟಲು ಸಾರು ನೆಕ್ಕಿ ಬಟ್ಟಲನ್ನೇ ಅಂಗಳದ ತುಂಬ ಉರುಳಿಸಿಕೊಂಡು ಹೋಯಿತು. ನಾನು ಹಿಂದೆಯೇ ಕುಳಿತು ಆ ಸದ್ದು ಕೇಳಿದೆ. ಈಗ ದಿನಕ್ಕೆ ನಾಲ್ಕು ಸಲ ತಿನ್ನುತ್ತದೆ, ಐದನೆಯ ಸಲಕ್ಕೆ ಸಿದ್ದವ್ವಾಯಿಯ ಮನೆಗೆ ಹೋಗುತ್ತದೆ. ನಿನ್ನೆ ತೂಗಿದೆ. ಎರಡೂವರೆ ಕಿಲೋದ ಕಲ್ಲು ಇಟ್ಟರೆ ಬೆಕ್ಕಿನ ಪರಡಿ ಗಟ್ಟಿಯಾಗಿ ಕೆಳಗೆ ಕುಳಿತಿತು. ಮೊನ್ನೆ ಐದು ಗಾದಿಯ ಮೇಲೆ ಒಂದೇ ಜಿಗಿತಕ್ಕೆ ಹತ್ತಿ ಕುಳಿತು, ನಾನೇ ಕೂಲಿಯವನು ಎನ್ನುವ ಹಾಗೆ ಮೇಲಿಂದ ನನ್ನನ್ನು ನೋಡಿತಂತೆ, ಅಮ್ಮಿ ಹೇಳಿದಳು. ಚರಬಿಯ ಡಬ್ಬಿಯನ್ನು ಅಮ್ಮಿ ಎಲ್ಲಿಗೋ ಎಸೆದು ಬಂದಿದ್ದಾಳೆ. ನೀನು ಬರುವ ಹೊತ್ತಿಗೆ ಮೂರೂಕಾಲು ಕಿಲೋ ತುಂಬಿಸುತ್ತೇನೆ, ಕೇಸು ಹಾಕುವ ಕಾರಣ ಇರುವುದಿಲ್ಲ. ಸುಳ್ಳು ಹೇಳಿದ್ದಕ್ಕೆ ಮಾತ್ರ ಮಾಫಿ ಮಾಡು. ಓಡುವ ಹುಡುಗಿಯ ಕಾಲಿಗೆ ಇಲ್ಲಿಯ ಚಿಂತೆ ಕಟ್ಟಬಾರದು ಎಂದು ಹಾಗೆ ಹೇಳಿದ್ದೆ.

ಹೊಟ್ಟೆ ತುಂಬ ಉಣ್ಣು. ಜೊತೆಯ ಹುಡುಗಿಯರಿಗೆಲ್ಲ ನನ್ನ ಸಲಾಮು, ನಮಸ್ಕಾರ ಎರಡೂ ಹೇಳು. ಅಮ್ಮಿಯ ಮುತ್ತು, ಸಿದ್ದವ್ವಾಯಿಯ ಆಶೀರ್ವಾದ ಮತ್ತು ರೂಯಿಯ ಕೆಲವು ಕೂದಲು ಈ ಪತ್ರದೊಳಗೆ ಇವೆ, ಜೋಪಾನವಾಗಿ ಬಿಚ್ಚು. ಅಲ್ಲಾಹ ನಿನ್ನನ್ನು ಚಲೋ ಇಡಲಿ.

ನಿನ್ನ ಅಬ್ಬಾ
ಗೌಸ ನದಾಫ

ತಾ.ಕ.: ಟಪಾಲು ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಲಗೂನ ಮುಗಿಸುತ್ತೇನೆ. ಆವತ್ತು ಡಾಕ್ಟರು ಬ್ಯಾಟರಿ ಬಿಟ್ಟು “ದಾರ ಕಾಣಸತೈತಿ ಏನ್ರಿ ಕಾಕಾ?” ಎಂದಾಗ ನಾನು ಬಗ್ಗಿ ನೋಡಿ ಕಾಣಿಸುತ್ತದೆ ಎಂದೆ. ನಾನು ನೋಡುತ್ತಿದ್ದದ್ದು ಬೆಕ್ಕಿನ ಕಿವಿಯ ಕಡೆಗಂತೆ. ಆಕೆ ಸುಮ್ಮನೆ ಬ್ಯಾಟರಿಯನ್ನು ನನ್ನ ಕಣ್ಣಿಗೆ ತಿರುಗಿಸಿ, “ಎತ್ತಿನ ಕಣ್ಣಾಗ ಇಷ್ಟ ಪೊರಿ ಬಂದಿದ್ರ ಅದರ ಮಾಲಕಗ ನಾ ಬಿಡತಿದ್ದಿಲ್ಲ. ನಿಮ್ಮ ಮಾಲಕ ಯಾರ?” ಎಂದರು. ನನ್ನ ಮಗಳು, ಪೊಲೀಸ್ ಆಗುತ್ತಿದ್ದಾಳೆ ಎಂದೆ. ಹಾಗಾದರೆ ಆಕೆಗೇ ದೂರು ಕೊಡುತ್ತೇನೆ ಎಂದರು. ಅವರು ಕೊಡುವ ಮೊದಲು ನಾನೇ ಒಪ್ಪಿಕೊಳ್ಳುತ್ತಿದ್ದೇನೆ. ಎರಡೂ ಕಣ್ಣಿಗೆ ಮೋತಿಬಿಂದು. ನಿನ್ನ ದಾದಾನಿಗೆ, ನನ್ನ ಅಪ್ಪನಿಗೆ, ಆಪರೇಷನ್ ಆಗಿ ಒಂದು ಕಣ್ಣು ಹೋಗಿತ್ತು, ಅದಕ್ಕೇ ಹೆದರಿ ತಪ್ಪಿಸಿಕೊಂಡು ತಿರುಗಿದೆ. ನೆಲದ ಮೇಲಿನ ದಾರದ ತುಂಡುಗಳನ್ನು ಆರಿಸುವುದು ನನ್ನ ಕೈಯಿಂದ ಆಗುತ್ತಿರಲಿಲ್ಲ. ಸೋನ್ಯಾಳಕ್ಕೆ ಹೋದದ್ದೂ ಅಮೋಗಸಿದ್ದನನ್ನು ನೋಡಲು ಅಲ್ಲ. ಮೇಣ ತರಲು ವಿಜಯಪುರಕ್ಕೆ ಹೊರಟವನು ಬೋರ್ಡು ಕಾಣದೆ ಬೇರೆ ಬಸ್ಸು ಹತ್ತಿದ್ದೆ. ಇದನ್ನು ಮಾತ್ರ ಅಮ್ಮಿಗೆ ಹೇಳಬೇಡ, ಓಣಿಯ ತುಂಬ ಹಾಡುತ್ತಾಳೆ. ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಾಗ ಅಮ್ಮಿ, “ಅಂದ್ರ ನಾಳಿಂದ ದಬ್ಬಣಕ್ಕ ದಾರ ಪೋಣಿಸಿ ಇಡೂದು ನಂದು ತಪ್ಪಿತು” ಎಂದಳು. ದಿನಾ ಮುಂಜಾನೆ ಐದು ದಬ್ಬಣಗಳಿಗೆ ದಾರ ಪೋಣಿಸಿಯೇ ಇರುತ್ತಿತ್ತು ಸಾಜಿಯಾ, ನಾನೇ ಹಿಂದಿನ ದಿನ ಪೋಣಿಸಿದ್ದಿರಬೇಕು ಎಂದುಕೊಳ್ಳುತ್ತಿದ್ದೆ. ಆಗಸ್ಟ್ ಆರಕ್ಕೆ ವಿಜಯಪುರದಲ್ಲಿ ಎಡಗಣ್ಣು. ಹೆಸರು ಬರೆಸಿ ಬಂದಿದ್ದೇನೆ, ಸಿದ್ದವ್ವಾಯಿಯ ಮಗ ಶ್ರೀಶೈಲಪ್ಪ ಕರೆದೊಯ್ಯುತ್ತಾನೆ.

ಮತ್ತೆ ಪರೇಡು. ಅಂಗಡಿ ಬಿಟ್ಟು ಬರಲಾಗದು ಎಂದದ್ದು ಸುಳ್ಳು. ಇನ್ನೂರು ಹುಡುಗಿಯರು ಒಂದೇ ಖಾಕಿ, ಒಂದೇ ಟೊಪ್ಪಿಗೆಯಲ್ಲಿ ನಡೆಯುವಾಗ, ಇದರಲ್ಲಿ ನನ್ನ ಮಗಳು ಯಾವಳು ಎಂದು ಪಕ್ಕದವರನ್ನು ಕೇಳಬೇಕಾಗುತ್ತದಲ್ಲ ಎಂದು ಹೆದರಿದ್ದೆ. ಈಗ ಬರುತ್ತೇನೆ. ನೀನು ಯಾವ ಸಾಲಿನಲ್ಲಿ, ಎಷ್ಟನೆಯವಳಾಗಿ ನಿಲ್ಲುತ್ತೀ ಎಂದು ಫೋನಿನಲ್ಲಿ ಹೇಳಬೇಡ, ಅಮ್ಮಿಗೂ ಹೇಳಬೇಡ. ನಾನೇ ಹುಡುಕುತ್ತೇನೆ.